ಹೊರಗೆ ಹಾಕಿದ ಮನೆಗೆ ನಾಯಕನಾಗಿ ಬಂದವನು: ಸ್ವೀಡನ್ನಿನ ಹಳೇ ನಟ ಕಾರ್ಲ್ ಸ್ಟೆನ್‌ಬೋರ್ಗ್ ಬಗ್ಗೆ ಮಾತಾಡೋಣ

ಉತ್ತರದ ಹಕ್ಕಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಕ್‌ಹೋಮಿಗೆ ಬಂದು ಆರು ವರ್ಷ ಆಯ್ತು. ಕಳೆದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ದ್ರೋತ್ನಿಂಗ್‌ಹೋಲ್ಮ್ ಅರಮನೆಯ ಪಕ್ಕದಲ್ಲಿರುವ ಹಳೇ ಥಿಯೇಟರ್ ನೋಡಲು ಹೋಗಿದ್ದೆ. 1766ರಲ್ಲಿ ಕಟ್ಟಿದ್ದು. ಒಳಗೆ ಬರೀ ಮರ, ಹಗ್ಗ, ಬಣ್ಣ ಬಳಿದ ಪರದೆಗಳು. ರಂಗದ ಕೆಳಗೆ ಒಂದು ದೊಡ್ಡ ತಿರುಗಣೆ ಇದೆ. ನಾಲ್ಕು ಜನ ಸೇರಿ ತಿರುಗಿಸಿದರೆ ಸಾಕು, ನೋಡ್ತಾ ಇದ್ದ ಹಾಗೇ ಕಾಡು ಹೋಗಿ ಅರಮನೆ ಬರುತ್ತದೆ. ಗಾಳಿಯ ಸದ್ದಿಗೆ ಮರದ ಉರುಳೆಯ ಮೇಲೆ ಒರಟು ಬಟ್ಟೆ ಹೊದಿಸಿದ್ದಾರೆ. ಗುಡುಗಿಗೆ ಕಲ್ಲು ತುಂಬಿದ ಮರದ ಪೆಟ್ಟಿಗೆ. ಗುಡುಗು ಕೇಳಿ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಕೇಳಿದಳು: "ಅಮ್ಮಾ, ಇಲ್ಲಿ ಯಾರು ಆಕ್ಟ್ ಮಾಡ್ತಿದ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ಕಟ್ಟಿಸಿದ ರಾಣಿಯ ಹೆಸರು ಗೊತ್ತಿತ್ತು, ಮೆರೆದ ರಾಜನ ಹೆಸರು ಗೊತ್ತಿತ್ತು. ರಂಗದ ಮೇಲೆ ನಿಂತವರ ಹೆಸರು ಒಂದೂ ಗೊತ್ತಿರಲಿಲ್ಲ. ಮನೆಗೆ ಬಂದು ಓದಲು ಕೂತೆ. ಇಲ್ಲಿನ ಚಳಿಗಾಲ ಉದ್ದ, ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಓದುತ್ತಾ ಒಬ್ಬನ ಕತೆ ಮನಸ್ಸಿಗೆ ಅಂಟಿಕೊಂಡಿತು. ಅವನೇ ಕಾರ್ಲ್ ಸ್ಟೆನ್‌ಬೋರ್ಗ್.

ಇವನು ಹುಟ್ಟಿದ್ದು 1752ರಲ್ಲಿ. ಅಪ್ಪ ಪೆಟ್ಟರ್ ಸ್ಟೆನ್‌ಬೋರ್ಗ್ ನಾಟಕದವನು. ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ಅಪ್ಪನಿಗೆ ನಿಂತು ಆಡಲು ಜಾಗವೇ ಇಲ್ಲದ ಹಾಗಾಯ್ತು. 1753ರಲ್ಲಿ ರಾಣಿ ಲೊವೀಸಾ ಉಲ್ರೀಕಾ ಫ್ರೆಂಚ್ ನಾಟಕ ಕಂಪನಿಯನ್ನು ಕರೆಸಿದಳು. ಅರಮನೆ ಪಕ್ಕದ ಬೋಲ್‌ಹೂಸೆತ್ ಥಿಯೇಟರ್ ಅವರ ಪಾಲಾಯಿತು. ಅಲ್ಲಿದ್ದ ಸ್ವೀಡಿಷ್ ನಟರು ಬೀದಿಗೆ ಬಂದರು. ಸರಿಯಾಗಿ 20 ವರ್ಷ ಕಳೆಯಿತು. 1773ರ ಜನವರಿ 18ರಂದು ಅದೇ ಬೋಲ್‌ಹೂಸೆತ್‌ನಲ್ಲಿ ರಾಜ ಮೂರನೇ ಗುಸ್ತಾವ್‌ನ ಹೊಸ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ತಂಡದ ಮೊದಲ ಪ್ರಯೋಗ ನಡೆಯಿತು, ಸ್ವೀಡಿಷ್ ಭಾಷೆಯಲ್ಲಿ. ಅದರ ನಾಯಕ ಕಾರ್ಲ್. ಆಗ ಅವನಿಗೆ 20 ವರ್ಷ.

ಆ ರಾತ್ರಿ ಅಪ್ಪನಿಗೆ ಹೇಗನ್ನಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸ್ವೀಡನ್ನಿನ ರಂಗಭೂಮಿ ಕಟ್ಟಿದ್ದು ಮೂರನೇ ಗುಸ್ತಾವ್ ರಾಜ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು ಅಂತ ನನಗೆ ಅನ್ನಿಸುತ್ತದೆ. ಉಳಿದ ಅರ್ಧ ಈ ಅಪ್ಪ ಮಗನದು. ನಿಮಗೇನನ್ನಿಸುತ್ತದೆ, ಹೇಳಿ.

ಬೆಣ್ಣೆದೋಸೆ

ಅಕ್ಕ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಡೌಟು. 1753ಕ್ಕೆ ಮುಂಚೆ ಸ್ವೀಡಿಷ್ ಭಾಷೆಯಲ್ಲಿ ನಾಟಕ ಇತ್ತಾ? ಇದ್ದರೆ ಆಡ್ತಿದ್ದವರು ಯಾರು? ಬೋಲ್‌ಹೂಸೆತ್ ಅಂದರೆ ಏನರ್ಥ?

ಹಳೇ ಪುಸ್ತಕ

ನಾನು ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದವನು. ಯೂರೋಪಿನ ರಂಗಭೂಮಿ ಬಗ್ಗೆ ಓದೋದು ಹಳೇ ಅಭ್ಯಾಸ. ಗೊತ್ತಿದ್ದಷ್ಟು ಹೇಳುತ್ತೇನೆ.

ಬೋಲ್‌ಹೂಸೆತ್ ಅಂದರೆ 'ಚೆಂಡಿನ ಮನೆ'. ಟೆನಿಸ್ ತರಹದ ಆಟ ಆಡಲು 1627ರಲ್ಲಿ ಕಟ್ಟಿದ ಉದ್ದನೆಯ ಹಾಲ್ ಅದು. ಆಮೇಲೆ ನಾಟಕಕ್ಕೆ ಬಳಸಿದರು. ಆ ಕಾಲದ ಯೂರೋಪಿನಲ್ಲಿ ಇಂಥ ಚೆಂಡಿನ ಹಾಲ್‌ಗಳು ಥಿಯೇಟರ್ ಆಗಿದ್ದು ಬೇಕಾದಷ್ಟಿವೆ. ಉದ್ದ ಇತ್ತು, ಎತ್ತರ ಇತ್ತು, ಮೇಲೆ ಚಾವಣಿ ಇತ್ತು. ಇನ್ನೇನು ಬೇಕು?

1753ಕ್ಕೂ ತುಂಬಾ ಮುಂಚೆಯೇ ಉಪ್ಸಾಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1686ರಿಂದ 1691ರವರೆಗೆ ಸ್ಟಾಕ್‌ಹೋಮಿನಲ್ಲಿ ಸ್ವೀಡಿಷ್ ನಾಟಕ ಆಡಿದ್ದರು. ಶುರುವಿನಲ್ಲಿ ಆಡಿದ ಜಾಗದ ಹೆಸರು ಲೇಯೋನ್‌ಕೂಲನ್, ಅಂದರೆ ಸಿಂಹದ ಗುಹೆ. ಯುದ್ಧದಲ್ಲಿ ಪ್ರಾಗ್ ನಗರವನ್ನು ಲೂಟಿ ಮಾಡಿದಾಗ ಒಂದು ಸಿಂಹವನ್ನೂ ತಂದಿದ್ದರು. ಅದನ್ನು ಸಾಕಿದ್ದ ಕಟ್ಟಡವೇ ಮುಂದೆ ನಾಟಕಶಾಲೆ ಆಯಿತು. ಆದರೆ ಆ ಹುಡುಗರು ಹವ್ಯಾಸಿಗಳು. ಐದೇ ವರ್ಷಕ್ಕೆ ನಿಂತುಹೋಯಿತು.

ಸಂಬಳ ತೆಗೆದುಕೊಂಡು ಸ್ವೀಡಿಷ್‌ನಲ್ಲಿ ನಾಟಕ ಆಡುವ ಕಸುಬು ಶುರುವಾಗಿದ್ದು 1737ರಲ್ಲಿ, ಬೋಲ್‌ಹೂಸೆತ್‌ನಲ್ಲಿ. ಮೊದಲ ನಾಟಕ ಕಾರ್ಲ್ ಯಿಲ್ಲೆನ್‌ಬೋರ್ಗ್ ಬರೆದ ಹಾಸ್ಯ. ಪ್ಯಾರಿಸ್ಸಿನಿಂದ ವಾಪಸ್ ಬಂದ ಒಬ್ಬ ಶ್ರೀಮಂತರ ಹುಡುಗ, ಸ್ವೀಡನ್ನಿನದು ಅಂದರೆ ಎಲ್ಲವೂ ಕೀಳು ಅನ್ನುವವನು, ಅವನ ಕತೆ. ಅದರಲ್ಲಿ ಬೆಯಾಟಾ ಸಬೀನಾ ಸ್ತ್ರಾಸ್ ಅನ್ನುವ ಹೆಂಗಸು ಪಾತ್ರ ಮಾಡಿದಳು. ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದವಳು. ಸ್ವೀಡನ್ನಿನ ಮೊದಲ ವೃತ್ತಿ ನಟಿ ಅಂತ ಅವಳ ಹೆಸರನ್ನೇ ಹೇಳುತ್ತಾರೆ.

ಫ್ರೆಂಚ್ ಹುಚ್ಚಿನ ವಿರುದ್ಧ ನಾಟಕ ಆಡಿ ಶುರುವಾದ ಥಿಯೇಟರನ್ನು 16 ವರ್ಷಕ್ಕೆ ಫ್ರೆಂಚ್ ಕಂಪನಿಗೇ ಕೊಟ್ಟರು. ನನಗೆ ಅದು ಈಗಲೂ ಬೇಸರದ ಸಂಗತಿ.

ಪರದೆ ಎಳೆಯುವವನು

ಮೇಷ್ಟ್ರೇ, ಧನ್ಯವಾದ. ನಾನು ಹವ್ಯಾಸಿ ತಂಡವೊಂದರಲ್ಲಿ ಲೈಟಿಂಗ್ ಮಾಡುತ್ತೇನೆ. ಹಿಂದೆ ಪರದೆ ಕೆಲಸ ಮಾಡುತ್ತಿದ್ದೆ. ನನಗೆ ಬೇಕಾಗಿರೋದು 1753ರಿಂದ 1773ರವರೆಗಿನ ಕತೆ. ಥಿಯೇಟರ್ ಕಿತ್ತುಕೊಂಡ ಮೇಲೆ ಇವರು 20 ವರ್ಷ ಎಲ್ಲಿ ಆಡಿದರು? ಹೊಟ್ಟೆಗೆ ಏನು ಮಾಡಿದರು? ಸಾಮಾನ್ಯವಾಗಿ ಇದನ್ನು ಯಾರೂ ಬರೆಯೋದಿಲ್ಲ. ದೊಡ್ಡ ಕಟ್ಟಡ ಇದ್ದಾಗಿನ ಕತೆ ಮಾತ್ರ ಬರೆಯುತ್ತಾರೆ.

ಉತ್ತರದ ಹಕ್ಕಿ

ಸರ್, ನನಗೆ ಅತಿ ಹೆಚ್ಚು ಇಷ್ಟವಾದ ಭಾಗವೇ ಅದು.

ಹೊರಬಿದ್ದ ನಟರು ಎರಡು ಗುಂಪಾದರು. ಪೀಟರ್ ಲಿಂಡಾಲ್, ಯೋಹಾನ್ ಬೆರ್ಗ್‌ಹೋಲ್ಟ್ಸ್ ಇವರ ಗುಂಪು ಊರೂರು ತಿರುಗಲು ಹೊರಟಿತು. ಪೆಟ್ಟರ್ ಸ್ಟೆನ್‌ಬೋರ್ಗ್ ಗುಂಪು ಸ್ಟಾಕ್‌ಹೋಮ್ ಬಿಡಲಿಲ್ಲ. ಸ್ವಂತ ಥಿಯೇಟರ್ ಇಲ್ಲ, ಅರಮನೆಯ ದುಡ್ಡಿಲ್ಲ. ಸಿಕ್ಕ ಜಾಗದಲ್ಲಿ ಆಡಿದರು. ದೊಡ್ಡ ಮನೆತನದವರು ಫ್ರೆಂಚ್ ನಾಟಕಕ್ಕೆ ಹೋಗುತ್ತಿದ್ದರು. ಇವರ ಮುಂದೆ ಕೂರುತ್ತಿದ್ದವರು ಅಂಗಡಿಯವರು, ಕಸುಬಿನವರು, ಆಳುಕಾಳುಗಳು. ಫ್ರೆಂಚ್ ಬಾರದ ಜನ.

ಯೋಚನೆ ಮಾಡಿ. ಈ 20 ವರ್ಷದಲ್ಲಿ ಪೆಟ್ಟರ್ ಕೈಬಿಟ್ಟಿದ್ದರೆ? ರಾಜಧಾನಿಯಲ್ಲಿ ಸ್ವೀಡಿಷ್‌ನಲ್ಲಿ ಮಾತು ಹೇಳುವ ಅಭ್ಯಾಸ ಇದ್ದ ನಟ ಒಬ್ಬನೂ ಉಳಿಯುತ್ತಿರಲಿಲ್ಲ. ನಾಟಕ ಅಂದರೆ ಪುಸ್ತಕದಲ್ಲಿ ಉಳಿಯುವ ವಸ್ತು ಅಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಬರಬೇಕು. ಮಧ್ಯೆ ಕಡಿದುಹೋದರೆ ಮತ್ತೆ ಸೊನ್ನೆಯಿಂದ ಶುರು.

ಕಾರ್ಲ್ ಬೆಳೆದದ್ದು ಇದರ ನಡುವೆ. ಒಳ್ಳೇ ಕಂಠ ಇತ್ತು. ಹುಡುಗನಾಗಿದ್ದಾಗಲೇ ಶ್ರೀಮಂತರ ಸಭಾಭವನ ರಿದ್ದಾರ್‌ಹೂಸೆತ್‌ನಲ್ಲಿ ನಡೆಯುವ ಕಛೇರಿಗಳಲ್ಲಿ ಹಾಡಿದ್ದ.

1771ರಲ್ಲಿ ಹಳೇ ರಾಜ ತೀರಿಕೊಂಡ. ಪಟ್ಟಕ್ಕೆ ಬಂದ ಮೂರನೇ ಗುಸ್ತಾವ್ ಫ್ರೆಂಚ್ ಕಂಪನಿಯನ್ನು ಕಳಿಸಿಬಿಟ್ಟ. ಮರುವರ್ಷ ಪೆಟ್ಟರ್ ಬೋಲ್‌ಹೂಸೆತ್‌ನಲ್ಲಿ ಆಡಲು ಅನುಮತಿ ಗಿಟ್ಟಿಸಿಕೊಂಡ. ಹೊಸ ರಾಜನೂ ನೋಡಲು ಬಂದ. ನಟನೆ ಅವನಿಗೆ ಹಿಡಿಸಲಿಲ್ಲ. ಪ್ಯಾರಿಸ್ ನೋಡಿ ಬಂದವನ ಕಣ್ಣಿಗೆ ಇವರು ಒರಟು. ಆದರೆ ಸ್ವೀಡಿಷ್ ಭಾಷೆಯಲ್ಲಿ ರಂಗಭೂಮಿ ಕಟ್ಟಬಹುದು ಅನ್ನುವ ಯೋಚನೆ ಗಟ್ಟಿಯಾಯಿತು. ಮರುವರ್ಷವೇ ಒಪೆರಾ ಬಂತು.

ಅಪ್ಪನ ತಂಡವನ್ನು ಅವನು ತೆಗೆದುಕೊಳ್ಳಲಿಲ್ಲ. ಮಗನನ್ನು ತೆಗೆದುಕೊಂಡ.

ಕಾಫಿ ಪುಡಿ

ಕ್ಷಮಿಸಿ ಮೇಡಂ, ನಾನು ಒಪ್ಪುವುದಿಲ್ಲ. ಗುಸ್ತಾವ್ ಮಾಡಿದ ಕೆಲಸ ಸಣ್ಣದಲ್ಲ. 1773ರಲ್ಲಿ ಒಪೆರಾ, 1782ರಲ್ಲಿ ಒಪೆರಾಗೆ ದೊಡ್ಡ ಕಟ್ಟಡ, 1786ರಲ್ಲಿ ಸ್ವೀಡಿಷ್ ಅಕಾಡೆಮಿ, 1788ರಲ್ಲಿ ರಾಯಲ್ ಡ್ರಮ್ಯಾಟಿಕ್ ಥಿಯೇಟರ್. ಸಾಹಿತ್ಯದ ನೊಬೆಲ್ ಕೊಡುವುದು ಅದೇ ಅಕಾಡೆಮಿ. ದುಡ್ಡು, ಅಧಿಕಾರ, ಆಸೆ ಮೂರೂ ಇದ್ದ ಒಬ್ಬ ಮನುಷ್ಯ ಬೇಕಾಗಿತ್ತು. ಅವನು ಸ್ವತಃ ನಾಟಕ ಬರೆಯುತ್ತಿದ್ದ, ಆಸ್ಥಾನದವರ ಜೊತೆ ಪಾತ್ರವನ್ನೂ ಮಾಡುತ್ತಿದ್ದ. ಪೆಟ್ಟರ್ 20 ವರ್ಷ ಕಷ್ಟಪಟ್ಟಿದ್ದು ನಿಜ. ಆದರೆ ಆ 20 ವರ್ಷದಲ್ಲಿ ಮುಂದೆ ಬರಲು ಆಗಲಿಲ್ಲ ಅನ್ನುವುದೂ ನಿಜ ಅಲ್ವಾ?

ಹಳೇ ಪುಸ್ತಕ

ನೀವು ಹೇಳಿದ್ದೆಲ್ಲ ಸರಿ. ಆದರೆ ಎರಡು ವಿಷಯ ಸೇರಿಸಬೇಕು.

ಒಂದು, ಗುಸ್ತಾವ್ ಫ್ರೆಂಚ್ ಕಂಪನಿಯನ್ನು ಕಳಿಸಿದ್ದು ಸ್ವೀಡಿಷ್ ಮೇಲಿನ ಪ್ರೀತಿಯಿಂದ ಅಲ್ಲ. ಖಜಾನೆ ಖಾಲಿ ಇತ್ತು. ಅವನ ಸ್ವಂತ ರುಚಿ ಕೊನೆಯವರೆಗೂ ಫ್ರೆಂಚ್‌ದೇ. 1781ರಲ್ಲಿ ಮೋನ್ವೆಲ್ ಅನ್ನುವ ಪ್ಯಾರಿಸ್ ನಟನನ್ನು ಕರೆಸಿ ಮತ್ತೆ ಫ್ರೆಂಚ್ ತಂಡ ಮಾಡಿಸಿದ. ಅದರಿಂದ ಒಳ್ಳೆಯದೂ ಆಯಿತು. ಮೋನ್ವೆಲ್ ಸ್ವೀಡನ್ನಿನ ಮಕ್ಕಳಿಗೆ ನಟನೆ ಕಲಿಸಿದ. ಮುಂದೆ ದೊಡ್ಡ ಹಾಸ್ಯನಟನಾದ ಲಾರ್ಸ್ ಯೋರ್ಟ್ಸ್‌ಬೆರಿ ಅವನ ಶಿಷ್ಯ.

ಎರಡು, ನಾಟಕಕ್ಕಿಂತ ಮುಂಚೆ ಒಪೆರಾ ಯಾಕೆ ಬಂತು? ಭಾಷೆ ಒರಟು ಅನ್ನುವ ಭಯ. ಹಾಡಿದರೆ ಸಂಗೀತ ಅದನ್ನು ಮುಚ್ಚುತ್ತದೆ, ಜನರ ಕಿವಿ ನಿಧಾನಕ್ಕೆ ಒಗ್ಗುತ್ತದೆ ಅಂತ ಅವನ ಲೆಕ್ಕ. ತನ್ನ ದೇಶದ ಭಾಷೆಯನ್ನು ಸಂಗೀತದ ಹಿಂದೆ ನಿಲ್ಲಿಸಿ ಪರಿಚಯ ಮಾಡಿಸಿದ ರಾಜ ಅವನು. ಪೆಟ್ಟರ್‌ಗೆ ಆ ಭಯ ಇರಲಿಲ್ಲ. ಅವನು ನೇರವಾಗಿ ಮಾತಾಡಿಸಿದ.

ಸಂಗೀತದ ಹುಚ್ಚಿ

ಒಪೆರಾ ಅಂದ ಕೂಡಲೇ ಬಂದೆ. ದಯವಿಟ್ಟು ಆ 1773ರ ವರ್ಷವನ್ನು ಬೇಗ ದಾಟಬೇಡಿ.

ಜನವರಿ 18ರ ಒಪೆರಾ ಥೇಟಿಸ್ ಮತ್ತು ಪೆಲೇಯ ಅನ್ನುವ ಗ್ರೀಕ್ ಕತೆ. ಕತೆಯ ರೂಪ ಹಾಕಿಕೊಟ್ಟಿದ್ದು ರಾಜ, ಪದ್ಯ ಯೋಹಾನ್ ವೆಲ್ಲಾಂಡರ್, ಸಂಗೀತ ಇಟಲಿಯ ಉತ್ತೀನಿ. ಪೆಲೇಯ ಆಗಿ ಕಾರ್ಲ್. ಸಮುದ್ರ ದೇವತೆ ಥೇಟಿಸ್ ಆಗಿ ಎಲಿಸಬೆತ್ ಓಲಿನ್.

ಈ ಓಲಿನ್ ಬಗ್ಗೆ ಹೇಳಲೇಬೇಕು. ಅವಳ ಅಪ್ಪ ಅಮ್ಮ ಇಬ್ಬರೂ ಹಳೇ ಬೋಲ್‌ಹೂಸೆತ್ ತಂಡದ ನಟರು. ಅವಳು 1747ರಲ್ಲಿ, ಏಳು ವರ್ಷದ ಮಗುವಾಗಿ, ಅದೇ ರಂಗದ ಮೇಲೆ ಪ್ರೇಮದ ಪುಟ್ಟ ದೇವತೆಯ ಪಾತ್ರ ಮಾಡಿದ್ದಳು. ಅಂದರೆ 1773ರ ಆ ರಾತ್ರಿ ನಾಯಕ, ನಾಯಕಿ ಇಬ್ಬರೂ ಹೊರಗೆ ಹಾಕಿಸಿಕೊಂಡ ತಂಡದ ಮಕ್ಕಳು! ರಾಜ ಹೊಸದಾಗಿ ಶುರು ಮಾಡಿದೆ ಅಂದುಕೊಂಡ. ಅವನ ಎದುರು ನಿಂತಿದ್ದು ಹಳೇ ಮನೆಯವರೇ.

ಅದೇ ವರ್ಷ ನವೆಂಬರಿನಲ್ಲಿ ಸಂಗೀತಗಾರ ಗ್ಲುಕ್‌ನ 'ಓರ್ಫೆಯುಸ್' ಒಪೆರಾ ಸ್ವೀಡಿಷ್‌ನಲ್ಲಿ ಬಂತು. ವಿಯೆನ್ನಾದಲ್ಲಿ 1762ರಲ್ಲಿ ಓರ್ಫೆಯುಸ್ ಪಾತ್ರವನ್ನು ಹೆಣ್ಣಿನ ಶ್ರುತಿಯಲ್ಲಿ ಹಾಡುವ ಗಂಡು ಗಾಯಕ ಹಾಡಿದ್ದ. ಪ್ಯಾರಿಸ್ಸಿಗೆ ಹೊಂದುವಂತೆ ಗ್ಲುಕ್ ಅದನ್ನು ಸಾದಾ ಗಂಡಸಿನ ಎತ್ತರದ ದನಿಗೆ ಬದಲಿಸಿದ್ದು 1774ರಲ್ಲಿ. ಅದಕ್ಕೂ ಮೊದಲೇ ಸ್ಟಾಕ್‌ಹೋಮಿನಲ್ಲಿ ಕಾರ್ಲ್ ತನ್ನ ಸಹಜ ದನಿಯಲ್ಲಿ ಓರ್ಫೆಯುಸ್ ಹಾಡಿದ್ದ. ಪ್ಯಾರಿಸ್ಸಿಗಿಂತ ಮುಂಚೆ, ಅದೂ ಸ್ವೀಡಿಷ್‌ನಲ್ಲಿ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಬೆಣ್ಣೆದೋಸೆ

ಹಾಗಾದರೆ ಅಪ್ಪನ ಕಂಪನಿ ಏನಾಯ್ತು? ಮಗ ಅರಮನೆಗೆ ಹೋದ ಮೇಲೆ ಮುಚ್ಚಿಬಿಟ್ಟರಾ?

ಉತ್ತರದ ಹಕ್ಕಿ

ಇಲ್ಲ ತಮ್ಮಾ, ನಿಜವಾಗಿ ಏಳಿಗೆಗೆ ಬಂದದ್ದೇ ಆಮೇಲೆ.

ಸ್ಟಾಕ್‌ಹೋಮಿನ ಮಧ್ಯದಲ್ಲಿ ಹೂಮ್ಲೆಗೋರ್ಡೆನ್ ಅಂತ ಪಾರ್ಕ್ ಇದೆ. ಹೂಮ್ಲೆ ಅಂದರೆ ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿ. ರಾಜರ ಹಾಪ್ಸ್ ತೋಟ ಆಗಿತ್ತು. ಈಗ ಅಲ್ಲಿ ರಾಷ್ಟ್ರೀಯ ಗ್ರಂಥಾಲಯ ಇದೆ. ನಾನು ಓದಲು ಹೋಗುವುದು ಅಲ್ಲಿಗೇ. ಆ ತೋಟದಲ್ಲಿ ಒಂದು ದುಂಡನೆಯ ಹಳೇ ಮಂಟಪ ಇತ್ತು. 1773ರಿಂದ 1780ರವರೆಗೆ ಪೆಟ್ಟರ್ ಕಂಪನಿ ಆಡಿದ್ದು ಅದರಲ್ಲಿ. ನಾನು ಕೂತು ಇವರ ಬಗ್ಗೆ ಓದುತ್ತಿದ್ದ ಜಾಗದ ಆಸುಪಾಸಿನಲ್ಲೇ ಇವರು ಆಡಿದ್ದರು ಅಂತ ತಿಳಿದ ದಿನ ಪುಸ್ತಕ ಮುಚ್ಚಿ ಹೊರಗೆ ಹೋಗಿ ಸುಮ್ನೆ ನಿಂತಿದ್ದೆ.

ಅಲ್ಲಿ ಏನು ಆಡಿದರು ಗೊತ್ತಾ? ರಾಜನ ಒಪೆರಾಗಳ ಅಣಕು! ಬರೆದವನು ಕಾರ್ಲ್ ಇಸ್ರಾಯೆಲ್ ಹಾಲ್‌ಮನ್. ಸ್ವೀಡನ್ನಿನ ಪ್ರಸಿದ್ಧ ಹಾಡುಕವಿ ಬೆಲ್‌ಮನ್ನನ ಗೆಳೆಯ. ಒಪೆರಾದಲ್ಲಿ ಆಸಿಸ್ ಮತ್ತು ಗಲಾತೇಯ ಅಂತ ಕುರುಬ ಮತ್ತು ಜಲಕನ್ಯೆಯ ಪ್ರೇಮಕತೆ ಬಂದಿತ್ತು. ಹಾಲ್‌ಮನ್ 1775ರಲ್ಲಿ ಅದನ್ನು 'ಕಾಸ್ಪರ್ ಮತ್ತು ಡೊರೊತೇಯ' ಮಾಡಿದ. ಗ್ರೀಕ್ ದೇವತೆಗಳ ಜಾಗಕ್ಕೆ ಬೀದಿಯ ಸಾಮಾನ್ಯ ಜನ ಬಂದರು. ಥೇಟಿಸ್ ಮತ್ತು ಪೆಲೇಯನನ್ನೂ ಬಿಡಲಿಲ್ಲ. ಅಕ್ಷರ ಅದಲು ಬದಲು ಮಾಡಿ 'ಪೇಟಿಸ್ ಮತ್ತು ತೆಲೇ' ಅಂದರು. ಕಾರ್ಲ್ ಹಾಡಿ ಹೆಸರು ಮಾಡಿದ ಒಪೆರಾವನ್ನೇ ಅಪ್ಪನ ಕಂಪನಿ ಅಣಕಿಸುತ್ತಿತ್ತು. ಮನೆಯೊಳಗೆ ಜಗಳ ಆಯಿತು ಅಂತ ಎಲ್ಲೂ ಓದಲಿಲ್ಲ. ಯಾಕೆಂದರೆ ಮುಂದೆ ಆ ಕಂಪನಿಯನ್ನು ನಡೆಸಿದ್ದು ಕಾರ್ಲೇ.

ಹಳೇ ಪುಸ್ತಕ

ಹಾಲ್‌ಮನ್‌ನ 1776ರ 'ಫಿಂಕೆಲ್' ಬಗ್ಗೆಯೂ ಹೇಳಿ ಅಮ್ಮಾ. ನೆಲಮಾಳಿಗೆಯಲ್ಲಿ ಕದ್ದು ಸಾರಾಯಿ ಕಾಯಿಸುವವರ ನಾಟಕ ಅದು. ಆಗಷ್ಟೇ ಗುಸ್ತಾವ್ ಮನೆಯಲ್ಲಿ ಸಾರಾಯಿ ಕಾಯಿಸುವುದನ್ನು ನಿಲ್ಲಿಸಿ, ಸರ್ಕಾರವೇ ಕಾಯಿಸಿ ಮಾರುವ ಕಾನೂನು ತಂದಿದ್ದ. ರೈತರಿಗೆ ಭಾರಿ ಸಿಟ್ಟು. ಆ ಸಿಟ್ಟು ರಾಜನ ಒಪೆರಾದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಸ್ಟೆನ್‌ಬೋರ್ಗ್ ಮಂಟಪದಲ್ಲಿ ಹಾಡಾಗಿ ಬಂತು, ಜನ ನಕ್ಕರು.

ಕಾಫಿ ಪುಡಿಯವರೇ, ಗುಸ್ತಾವ್ ಇದನ್ನು ನಿಲ್ಲಿಸಲಿಲ್ಲ ಅನ್ನುವುದನ್ನು ಅವನ ಪರವಾಗಿ ನಾನೇ ಹೇಳುತ್ತೇನೆ.

ಕಾಫಿ ಪುಡಿ

ಧನ್ಯವಾದ ಮೇಷ್ಟ್ರೇ. ಈ ಸಾರಾಯಿ ನಾಟಕದ ವಿಷಯ ನನಗೆ ಗೊತ್ತಿರಲಿಲ್ಲ. ಅಣಕಿಸುವ ಜಾಗ ಇದ್ದಿದ್ದರಿಂದಲೇ ರಾಜನ ಒಪೆರಾ ಜನರ ಬಾಯಿಗೆ ಬಂದಿರಬಹುದು. ಅಷ್ಟರ ಮಟ್ಟಿಗೆ ನನ್ನ ಮಾತು ಬದಲಾಯಿಸುತ್ತೇನೆ.

ಪರದೆ ಎಳೆಯುವವನು

ಆಗಿನ ಬೆಳಕಿನ ಬಗ್ಗೆ ನಾನೊಂದು ಮಾತು ಸೇರಿಸಲಾ? ಎಲ್ಲವೂ ಮೇಣದ ಬತ್ತಿ, ಎಣ್ಣೆ ದೀಪ. ವಿಂಗ್ ಅಂದರೆ ರಂಗದ ಪಕ್ಕದ ಪರದೆಗಳ ಹಿಂದೆ ಸಾಲಾಗಿ ದೀಪ, ರಂಗದ ಮುಂದೆ ನೆಲದಲ್ಲಿ ದೀಪ. ಬೆಳಕು ಕೆಳಗಿನಿಂದ ಬರುವುದರಿಂದ ನಟ ಮುಂದೆ ಬಂದರೆ ಮಾತ್ರ ಮುಖ ಕಾಣುತ್ತದೆ. ಹಿಂದೆ ಸರಿದರೆ ಕತ್ತಲು. ಹಾಗಾಗಿ ಮುಖ್ಯ ಮಾತು, ಮುಖ್ಯ ಹಾಡು ಎಲ್ಲವೂ ಮುಂದೆ ನಿಂತೇ ಆಗಬೇಕು. ಆ ಕಾಲದವರು ಪ್ರೇಕ್ಷಕರ ಕಡೆ ತಿರುಗಿ ನಿಂತು ನಟಿಸುತ್ತಿದ್ದರು ಅಂತ ಈಗಿನವರು ನಗುತ್ತಾರೆ. ಬೆಳಕು ಇದ್ದ ಕಡೆ ನಿಂತರು, ಅಷ್ಟೇ.

ಬೆಂಕಿಯ ಭಯ ಯಾವಾಗಲೂ ಇತ್ತು. ಡ್ರಮ್ಯಾಟಿಕ್ ಥಿಯೇಟರ್ ಮುಂದೆ ಹೋಗಿ ನೆಲೆಸಿದ ಹಳೇ ಅರಮನೆ 1825ರ ನವೆಂಬರಿನಲ್ಲಿ ಸುಟ್ಟು ಬೂದಿಯಾಯಿತು.

ಸಂಗೀತದ ಹುಚ್ಚಿ

ಅಕ್ಕ, 1786ರ ಗುಸ್ತಾವ್ ವಾಸಾ ಒಪೆರಾ ಬಗ್ಗೆ ಯಾವಾಗ ಬರೆಯುತ್ತೀರಿ? ಕಾಯ್ತಾ ಇದ್ದೇನೆ.

ಉತ್ತರದ ಹಕ್ಕಿ

ಇವತ್ತು ರಜೆ. ಕೂತು ಬರೆಯುತ್ತೇನೆ.

1780ರಲ್ಲಿ ಕಾರ್ಲ್ ಅಪ್ಪನ ಕಂಪನಿಯ ಜವಾಬ್ದಾರಿ ತೆಗೆದುಕೊಂಡ. ಮರುವರ್ಷ ಪೆಟ್ಟರ್ ತೀರಿಕೊಂಡ. ತೋಟದ ಮಂಟಪದಿಂದ ಎರಿಕ್ಸ್‌ಬೆರಿ ಅನ್ನುವ ಜಾಗಕ್ಕೆ ಹೋದರು. ಅಲ್ಲಿಂದ 1784ರಲ್ಲಿ ಹಳೇ ಊರಿನ ಮುಂಕ್‌ಬ್ರೂನ್‌ಗೆ ಬಂದರು. ಈಗಿನ ಗಾಮ್ಲಾ ಸ್ತಾನ್ ಮೆಟ್ರೋ ಸ್ಟೇಷನ್ ಇರುವ ಕಡೆ. ಅರಮನೆಯ ಒಪೆರಾಗೂ ಇದಕ್ಕೂ ನಡೆದುಹೋಗುವಷ್ಟೇ ದೂರ. ಕಾರ್ಲ್‌ಗೆ ಈಗ ಎರಡು ಜೀವನ. ಒಂದು ಕಡೆ ಅರಮನೆಯ ಗಾಯಕ. ಇನ್ನೊಂದು ಕಡೆ ಕಂಪನಿ ಯಜಮಾನ, ಸಂಗೀತ ಕೂಡಿಸುವವನು, ಲೆಕ್ಕ ನೋಡುವವನು.

ಈಗ 1786. ರಾಜನ ತಲೆಯಲ್ಲಿ ಗುಸ್ತಾವ್ ವಾಸಾ ತುಂಬಿಕೊಂಡಿದ್ದ. 1520ರಲ್ಲಿ ಡೆನ್ಮಾರ್ಕಿನ ರಾಜ ಎರಡನೇ ಕ್ರಿಶ್ಚಿಯನ್ ಸ್ಟಾಕ್‌ಹೋಮಿನ ನಡುಬೀದಿಯಲ್ಲಿ ಸ್ವೀಡನ್ನಿನ ಪ್ರಮುಖರ ತಲೆ ಕಡಿಸಿದ. ಅವನನ್ನು ಓಡಿಸಿ 1523ರಲ್ಲಿ ರಾಜನಾದವನು ಗುಸ್ತಾವ್ ವಾಸಾ. ಸ್ವೀಡನ್ನಿನ ಮಕ್ಕಳು ಮೊದಲು ಕಲಿಯುವ ಕತೆ ಇದು. ನನ್ನ ಮಗಳೂ ಶಾಲೆಯಲ್ಲಿ ಕಲಿತಳು. ನಮ್ಮ ಮೂರನೇ ಗುಸ್ತಾವ್ ಇದನ್ನು ಒಪೆರಾಗಾಗಿ ಗದ್ಯದಲ್ಲಿ ಬರೆದ. ಕವಿ ಶೆಲ್‌ಗ್ರೆನ್ ಪದ್ಯ ಮಾಡಿದ. ಡ್ರೆಸ್ಡೆನ್ನಿನ ನೌಮನ್ ಸಂಗೀತ ಕೂಡಿಸಿದ. ರಂಗಸಜ್ಜಿಕೆ ಫ್ರಾನ್ಸಿನ ದೆಪ್ರೆ ಅವರದು. ಸಂಗೀತ ಜರ್ಮನಿಯವನದು, ಪರದೆ ಫ್ರಾನ್ಸಿನವನದು.

ಗುಸ್ತಾವ್ ವಾಸಾ ಆಗಿ ನಿಂತವನು ಕಾರ್ಲ್ ಸ್ಟೆನ್‌ಬೋರ್ಗ್.

1786ರ ಜನವರಿ 19. ನಾಲ್ಕು ವರ್ಷದ ಹಿಂದೆ ಕಟ್ಟಿದ ಹೊಸ ಒಪೆರಾ ಮನೆ. ಎದುರಿಗೆ ನಿಜವಾದ ರಾಜ ಕೂತಿದ್ದಾನೆ. ತನ್ನನ್ನು ಆ ಹಳೇ ರಾಜನ ಸಾಲಿನಲ್ಲಿ ನೋಡಿಕೊಳ್ಳುವವನು. ರಂಗದ ಮೇಲೆ ಆ ರಾಜನಾಗಿ ನಿಂತಿರುವುದು ತೋಟದ ಮಂಟಪದ ಕಂಪನಿಯ ಹುಡುಗ. ಹೊರದೇಶದವರನ್ನು ಓಡಿಸಿ ನಾಡನ್ನು ವಾಪಸ್ ಪಡೆಯುವ ಪಾತ್ರ. ಫ್ರೆಂಚ್ ಕಂಪನಿ ಬಂದಾಗ ಅಪ್ಪ ಬೀದಿಗೆ ಬಿದ್ದದ್ದು ಅವನಿಗೆ ನೆನಪಿರಲಾರದು, ಆಗ ಒಂದು ವರ್ಷದ ಮಗು. ಆದರೆ ಮನೆಯಲ್ಲಿ ದಿನಾ ಕೇಳಿರುತ್ತಾನೆ. ಅವನ ಕಂಠದಲ್ಲಿ ಅದು ಇತ್ತು ಅಂತ ನಾನು ನಂಬುತ್ತೇನೆ. ಆ ಒಪೆರಾ ದೊಡ್ಡ ಯಶಸ್ಸು ಕಂಡಿತು. ಸ್ವೀಡನ್ನಿನ ರಾಷ್ಟ್ರೀಯ ಒಪೆರಾ ಅಂತ ಇವತ್ತಿಗೂ ಅದನ್ನೇ ಕರೆಯುತ್ತಾರೆ.

ಬೆಣ್ಣೆದೋಸೆ

ಅಕ್ಕ, ಎರಡು ಸಲ ಓದಿದೆ. ಹೆಸರು ಹೇಗೆ ಹೇಳಬೇಕು? ಸ್ಟೆನ್‌ಬೋರ್ಗ್ ಅಂತಲೇನಾ?

ಉತ್ತರದ ಹಕ್ಕಿ

ಇಲ್ಲಿನವರು ಕೊನೆಯ ಗಕಾರವನ್ನು ಯಕಾರದ ಹಾಗೆ ಹೇಳುತ್ತಾರೆ. ಕಿವಿಗೆ 'ಸ್ತೇನ್‌ಬೋರಿ' ಅಂತ ಕೇಳಿಸುತ್ತದೆ. ಮೇಷ್ಟ್ರು ಯೋರ್ಟ್ಸ್‌ಬೆರಿ ಅಂತ ಬರೆದಿದ್ದು ಆ ಲೆಕ್ಕದಲ್ಲಿ. ನಾನು ಸ್ಪೆಲಿಂಗ್ ನೋಡಿ ಬರೆದೆ.

ಪರದೆ ಎಳೆಯುವವನು

ಊರೂರು ತಿರುಗಲು ಹೊರಟ ಇನ್ನೊಂದು ಗುಂಪಿನ ಕತೆ ಯಾರೂ ಹೇಳಲಿಲ್ಲ.

ಹಳೇ ಪುಸ್ತಕ

ಚಿಕ್ಕದಾಗಿ ಹೇಳುತ್ತೇನೆ. ತಿರುಗುವ ಕಂಪನಿಗಳು ಮುಂದುವರಿದವು. ಸ್ವೀಡನ್ನಿನಲ್ಲಿ ಶೇಕ್ಸ್‌ಪಿಯರ್ ಮೊದಲು ಬಂದಿದ್ದು ರಾಜಧಾನಿಯಲ್ಲಿ ಅಲ್ಲ. 1776ರಲ್ಲಿ ನೋರ್‌ಶೋಪಿಂಗ್ ಪಟ್ಟಣದಲ್ಲಿ ಸೆಯೆರ್ಲಿಂಗ್ ಕಂಪನಿ ರೋಮಿಯೋ ಜೂಲಿಯೆಟ್ ಆಡಿತು. ಗಂಡ ಹೆಂಡತಿ ಸೇರಿ ನಡೆಸುತ್ತಿದ್ದ ಕಂಪನಿ. ಗಂಡ ಹೋದ ಮೇಲೆ ಮಾರ್ಗರೇತಾ ಸೆಯೆರ್ಲಿಂಗ್ ಒಬ್ಬಳೇ ಕಂಪನಿ ನಡೆಸಿದಳು, ಫಿನ್ಲೆಂಡಿನಲ್ಲಿ ಊರೂರು ನಾಟಕ ಆಡಿಸಿದಳು. ಅಲ್ಲಿ ರಂಗಭೂಮಿಗೆ ದಾರಿ ಹಾಕಿದವಳು ಅಂತ ಅವಳನ್ನು ನೆನೆಯುತ್ತಾರೆ. ಅವಳಿಗೆ ಒಂದು ಬೇರೆ ಚರ್ಚೆಯೇ ಬೇಕು.

ಸಂಗೀತದ ಹುಚ್ಚಿ

ಕಾರ್ಲ್ ಮದುವೆ ಆಗಿದ್ದು ಎಲಿಸಬೆತ್ ಓಲಿನ್ ಮಗಳು ಬೆಟ್ಟಿಯನ್ನು ಅಲ್ವಾ? ಅವಳೂ ಹಾಡುಗಾರ್ತಿ. ಹಳೇ ಬೋಲ್‌ಹೂಸೆತ್‌ನ ಎರಡು ಮನೆತನ ಕೊನೆಗೆ ಒಂದಾಯಿತು.

ಉತ್ತರದ ಹಕ್ಕಿ

ಹೌದು ಕಣ್ರೀ. ಆದರೆ ಆ ಹೊತ್ತಿಗೆ ಕಾಲ ಕೆಟ್ಟಿತ್ತು.

1792ರ ಮಾರ್ಚ್ 16ರ ರಾತ್ರಿ ಒಪೆರಾ ಮನೆಯಲ್ಲಿ ಮುಖವಾಡದ ನೃತ್ಯಕೂಟ ಇತ್ತು. ಅಲ್ಲೇ ಗುಸ್ತಾವ್‌ಗೆ ಹಿಂದಿನಿಂದ ಗುಂಡು ಹೊಡೆದರು. 29ಕ್ಕೆ ತೀರಿಕೊಂಡ. ದ್ರೋತ್ನಿಂಗ್‌ಹೋಲ್ಮ್ ಥಿಯೇಟರಿಗೂ ಕತ್ತಲು ಕವಿಯಿತು. ಮುಂದೆ ಅದು ಸಾಮಾನು ತುಂಬುವ ಕೋಣೆಯ ಹಾಗಾಯಿತು. 1921ರಲ್ಲಿ ಅಗ್ನೆ ಬೇಯರ್ ಅನ್ನುವ ವಿದ್ವಾಂಸ ಒಂದು ಚಿತ್ರ ಹುಡುಕಿಕೊಂಡು ಒಳಗೆ ಹೋದಾಗ ಧೂಳಿನ ಕೆಳಗೆ ಎಲ್ಲವೂ ಹಾಗೇ ಇತ್ತು. ಹಗ್ಗ ಬದಲಾಯಿಸಿದರು, ಮರದ ಯಂತ್ರ ತಿರುಗಿತು.

ಕಾರ್ಲ್‌ನ ಮುಂಕ್‌ಬ್ರೂನ್ ಥಿಯೇಟರಿಗೆ ಆ ಅದೃಷ್ಟ ಇರಲಿಲ್ಲ. ಜನ ಬರದೇ ಮುಚ್ಚಿದ್ದಲ್ಲ. ಕಾನೂನು ಮುಚ್ಚಿಸಿತು. ಸ್ಟಾಕ್‌ಹೋಮ್ ನಗರದಲ್ಲಿ ನಾಟಕ ಆಡುವ ಹಕ್ಕು ರಾಜನ ಥಿಯೇಟರುಗಳಿಗೆ ಮಾತ್ರ ಅಂತ 1798ರಲ್ಲಿ ಆಯಿತು. 1799ರಲ್ಲಿ ಸ್ಟೆನ್‌ಬೋರ್ಗ್ ಥಿಯೇಟರ್ ಬಾಗಿಲು ಹಾಕಿತು. ಅಪ್ಪ ಥಿಯೇಟರ್ ಕಳೆದುಕೊಂಡ 46 ವರ್ಷಕ್ಕೆ ಮಗನೂ ಕಳೆದುಕೊಂಡ. ಅವನಿಗೆ 47 ವರ್ಷ. ಈ ಸಲ ಫ್ರೆಂಚರಿಗಾಗಿ ಅಲ್ಲ. ಅವನೇ ಹಾಡಿ ಬೆಳೆಸಿದ ಸ್ವೀಡಿಷ್ ಅರಮನೆ ರಂಗಭೂಮಿಗಾಗಿ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸುಮ್ನೆ ಹೇಳ್ತಿಲ್ಲ.

1806ರಲ್ಲಿ ಹೊಸ ರಾಜ ಒಪೆರಾವನ್ನೂ ಮುಚ್ಚಿಸಿದ. ಅಪ್ಪನನ್ನು ಕೊಂದ ಕಟ್ಟಡ ಅಂತ ಅದರ ಮೇಲೆ ಅವನಿಗೆ ಹಗೆ. ಕಾರ್ಲ್‌ಗೆ ಎರಡೂ ಮನೆ ಹೋಯಿತು. 1813ರಲ್ಲಿ ತೀರಿಕೊಂಡ.

ಕಾಫಿ ಪುಡಿ

1799ರ ಬಗ್ಗೆ ನನಗೆ ಗೊತ್ತಿರಲಿಲ್ಲ. ನಾನು ಮೊದಲು ಬರೆದಿದ್ದನ್ನು ಓದಿದರೆ ಈಗ ಅರ್ಧ ಮಾತು ಅನ್ನಿಸುತ್ತಿದೆ. ಕಟ್ಟುವ ಅಧಿಕಾರ ಇದ್ದವರಿಗೆ ಮುಚ್ಚುವ ಅಧಿಕಾರವೂ ಇತ್ತು. ಈ ಕಾನೂನು ಎಷ್ಟು ದಿನ ಇತ್ತು?

ಹಳೇ ಪುಸ್ತಕ

1842ರವರೆಗೆ. ನಗರದ ಗಡಿಯ ಆಚೆ, ಯೂರ್‌ಗೋರ್ಡೆನ್ ದ್ವೀಪದಲ್ಲಿ, 1801ರಿಂದ ಒಂದು ಬೇಸಿಗೆ ಥಿಯೇಟರ್ ನಡೆಯುತ್ತಿತ್ತು. ಊರೊಳಗೆ ಇಲ್ಲ.

ಆ ಕಾನೂನನ್ನು ಮುರಿದವನು ಆಂಡರ್ಸ್ ಲಿಂಡೆಬೆರಿ. ಪತ್ರಕರ್ತ. ಖಾಸಗಿ ಥಿಯೇಟರಿಗೆ ಅನುಮತಿ ಕೇಳಿದ, ಸಿಗಲಿಲ್ಲ. ದೂರು ಬರೆದ. ಅದರಲ್ಲಿ ಆಗಿನ ರಾಜನ ಮೇಲೆ ಕಟುವಾಗಿ ಬರೆದಿದ್ದಕ್ಕೆ 1834ರಲ್ಲಿ ರಾಜದ್ರೋಹದ ಕೇಸು ಹಾಕಿ ಮರಣದಂಡನೆ ಕೊಟ್ಟರು. ರಾಜ ಅದನ್ನು ಜೈಲು ಶಿಕ್ಷೆಗೆ ಇಳಿಸಿದ. ಲಿಂಡೆಬೆರಿ ಒಪ್ಪಲಿಲ್ಲ. ಕಾನೂನು ಪ್ರಕಾರ ತಲೆ ಕಡಿಯಿರಿ, ದಯೆ ಬೇಡ ಅಂತ ಹಟ ಹಿಡಿದ. ರಾಜನಿಗೆ ಫಜೀತಿಯಾಯಿತು. ಕೊನೆಗೆ ರಾಜಕೀಯ ಕೈದಿಗಳಿಗೆಲ್ಲ ಕ್ಷಮಾದಾನ ಅಂತ ಘೋಷಿಸಿದರು. ಆದರೂ ಅವನು ಜೈಲು ಬಿಟ್ಟು ಹೋಗಲಿಲ್ಲ. ಅಂಗಳಕ್ಕೆ ಬಂದಾಗ ಹಿಂದಿನಿಂದ ಕೋಣೆಗೆ ಬೀಗ ಹಾಕಿ ಹೊರಗೆ ಕಳಿಸಬೇಕಾಯಿತು. 1842ರಲ್ಲಿ ಅವನೇ ಸ್ಟಾಕ್‌ಹೋಮಿನಲ್ಲಿ ಹೊಸ ಥಿಯೇಟರ್ ತೆರೆದ. ಮುಂಕ್‌ಬ್ರೂನ್ ಮುಚ್ಚಿ 43 ವರ್ಷ ಆಗಿತ್ತು.

ಪರದೆ ಎಳೆಯುವವನು

ಇವತ್ತು ರಿಹರ್ಸಲ್ ಮುಗಿದ ಮೇಲೆ ನಮ್ಮ ಹುಡುಗರಿಗೆ ಪೆಟ್ಟರ್, ಕಾರ್ಲ್ ಇಬ್ಬರ ಕತೆ ಹೇಳಿದೆ. ಬಸ್ಸು ತಪ್ಪುತ್ತದೆ ಅಂತ ಗೊತ್ತಿದ್ದರೂ ಯಾರೂ ಎದ್ದು ಹೋಗಲಿಲ್ಲ. ಮೇಡಂ, ಮುಂಕ್‌ಬ್ರೂನ್‌ನಲ್ಲಿ ಈಗ ನೋಡಲು ಏನಾದರೂ ಇದೆಯಾ? ದ್ರೋತ್ನಿಂಗ್‌ಹೋಲ್ಮ್‌ಗೆ ಯಾವಾಗ ಬಂದರೆ ಒಳ್ಳೇದು? ಒಂದು ದಿನ ಬರುವ ಆಸೆ ಇದೆ.

ಉತ್ತರದ ಹಕ್ಕಿ

ಮುಂಕ್‌ಬ್ರೂನ್‌ನಲ್ಲಿ ನೀರಿನ ದಂಡೆ ಇದೆ, ರಸ್ತೆ ಇದೆ, ಮೆಟ್ರೋ ಸದ್ದು ಇದೆ. ಮೊನ್ನೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಬೇಸಿಗೆಯಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ನಿಂತು ಉತ್ತರ ಹೇಳಿದೆ. "ಹಾಗಾದ್ರೆ ಗುಡುಗಿನ ಪೆಟ್ಟಿಗೆ ಇವರ ಹತ್ರಾನೂ ಇತ್ತಾ?" ಅಂತ ಕೇಳಿದಳು.

ದ್ರೋತ್ನಿಂಗ್‌ಹೋಲ್ಮ್‌ಗೆ ಬೇಸಿಗೆಯಲ್ಲೇ ಬನ್ನಿ ಸರ್. ನಗರಸಭೆ ಕಟ್ಟಡದ ಹತ್ತಿರದಿಂದ ದೋಣಿ ಇದೆ. ಥಿಯೇಟರಿನಲ್ಲಿ ಒಪೆರಾ ಈಗಲೂ ಆಗುತ್ತದೆ, ಅದೂ ಬೇಸಿಗೆಯಲ್ಲೇ. ಮೇಣದ ಬತ್ತಿ ಹಾಗೆ ಮಿನುಗುವ ಬಲ್ಬ್ ಹಾಕಿದ್ದಾರೆ. ನೀವು ನೋಡಬೇಕು ಅದನ್ನು. ಬರುವ ಮುಂಚೆ ಇಲ್ಲಿ ಒಂದು ಸಾಲು ಬರೆಯಿರಿ, ನಾನೂ ಮಗಳೂ ಜೊತೆಗೆ ಬರುತ್ತೇವೆ.